ಎಡಕ್ಕೆ ಸುತ್ತಿದ ಜೊಂಡು

ಕ್ಲೀವ್‌ಲ್ಯಾಂಡ್
೯ ಜನವರಿ ೧೯೭೩

ಎಲ್ವಿನಕ್ಕಾ,

ಒಲೆ ಮೇಲೆ ಏನಾದರೂ ಇದ್ದರೆ ಇಳಿಸಿ ಬಂದು, ಕೂತುಕೊಂಡು ಓದು. ಮೂರು ದಿನದಿಂದ ಈ ಕಾಗದ ಬರೆಯೋದು, ಹರಿದು ಹಾಕೋದು, ಇದೇ ಆಗಿದೆ ನನಗೆ.

ನಾನು ಕೆಲಸ ಮಾಡೋ ಮ್ಯೂಸಿಯಂನಲ್ಲಿ ಈ ತಿಂಗಳು ನನ್ನನ್ನ ನೆಲಮಾಳಿಗೆಯ ಉಗ್ರಾಣಕ್ಕೆ ಹಾಕಿದ್ದಾರೆ. ಜನರಿಗೆ ತೋರಿಸದೆ ಇಟ್ಟಿರೋ ಸಾಮಾನುಗಳ ಧೂಳು ತೆಗೆಯೋದು, ಹುಳ ಹಿಡಿದಿದ್ದರೆ ತಿಳಿಸೋದು. ಶನಿವಾರ ಮೇಲ್ವಿಚಾರಕಿ ಮಿಸೆಸ್ ಗ್ರೂಬರ್ ಒಂದು ಡ್ರಾಯರ್ ಎಳೆದು, “ಲಿಯೋಟಾ, ಇವು ನಿಮ್ಮ ಪಯೂಟ್ ಜನರವಂತೆ, ಹುಷಾರಾಗಿ ಮುಟ್ಟು” ಅಂದಳು. ನೋಡಿದರೆ ಹತ್ತಿಯ ಮೇಲೆ ಹನ್ನೊಂದು ದೀವದ ಬಾತುಗಳು! ಅಪ್ಪ ಜೊಂಡು ಬಗ್ಗಿಸಿ ಕಟ್ಟಿ, ಮೇಲೆ ಬಾತಿನ ಚರ್ಮ ಹೊದಿಸಿ, ಹಾರೋ ಹಕ್ಕಿಗಳನ್ನ ಕೆಳಗಿಳಿಸೋಕೆ ನೀರಲ್ಲಿ ತೇಲಿಬಿಡ್ತಿದ್ದನಲ್ಲ, ಥೇಟ್ ಅಂಥವೇ. ಅಳು ಬಂತು, ನಗುನೂ ಬಂತು.

ಏಳನೆಯದರ ಚರ್ಮ ಹುಳ ತಿಂದು ಸಡಿಲವಾಗಿತ್ತು. ಎತ್ತುವಾಗ ಕೈಗೇ ಬಂತು. ಒಳಗಿನ ಜೊಂಡು ಕಂಡಿತು. ಅಕ್ಕಾ, ಅದನ್ನ ಎಡಕ್ಕೆ ಸುತ್ತಿದ್ದಾರೆ. ತುದಿಯನ್ನ ಕೆಳಗಿನಿಂದ ಸಿಕ್ಕಿಸಿದ್ದಾರೆ. ಕುತ್ತಿಗೆ ಹತ್ತಿರ ಹಲ್ಲಿನಿಂದ ಕಚ್ಚಿದ ಗುರುತಿದೆ, ಸಾಲಾಗಿ.

ಹಾಗೆ ಕಟ್ಟುತ್ತಿದ್ದವನು ಒಬ್ಬನೇ. ನಮ್ಮ ಮಕ್ಕಳನ್ನ ಸರ್ಕಾರ ಎಳೆದೊಯ್ದು ಇಡ್ತಿದ್ದ ಬೋರ್ಡಿಂಗ್ ಶಾಲೆಯ ಬಟ್ಟೆ ಹಿಂಡೋ ಯಂತ್ರ ಬಲಗೈಯ ಎರಡು ಬೆರಳು ತಿಂದಮೇಲೆ ಹೋಬರ್ಟಣ್ಣ ಜೊಂಡಿನ ಒಂದು ತುದಿಯನ್ನ ಹಲ್ಲಲ್ಲಿ ಹಿಡಿದು ಎಡಕ್ಕೆ ಸುತ್ತೋದು ಕಲಿತ. “ಇವನು ಬಾತು ಕಟ್ತಾನೋ, ತಿಂತಾನೋ” ಅಂತ ಅಪ್ಪ ನಗ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ಚೀಟಿಯಲ್ಲಿ ಬರೆದಿದೆ: “ಮಾಡಿದವರು ಗೊತ್ತಿಲ್ಲ. ೧೯೩೮ರಲ್ಲಿ ಮಾಡಿದ್ದು, ಅದೇ ವರ್ಷ ಸಂಗ್ರಹ.”

ಅಣ್ಣ ನಮ್ಮ ಸ್ಟಿಲ್‌ವಾಟರ್ ಜೌಗಿನಲ್ಲಿ ಮುಳುಗಿ ಸತ್ತದ್ದು ೧೯೩೧ರಲ್ಲಿ. ನನಗೆ ತಲೆ ಕೆಟ್ಟಿದೆ ಅನ್ನು, ಪರವಾಗಿಲ್ಲ. ಏನಾದರೂ ಅನ್ನು.

ನಿನ್ನ
ಲಿಯೋಟಾ


ಸ್ಟಿಲ್‌ವಾಟರ್, ನೆವಾಡಾ
೨೦ ಜನವರಿ ೧೯೭೩

ಲಿಯೋಟಾ,

ಕೂತೇ ಓದಿದೆ. ಒಲೆ ಮೇಲೆ ಬೀನ್ಸ್ ಇತ್ತು, ಇಳಿಸಲಿಲ್ಲ, ಸೀದುಹೋಯ್ತು. ಅದರ ಪಾಪ ನಿನಗೆ.

ಹಳ್ಳಿ ಬಿಟ್ಟು ಪಟ್ಟಣ ಸೇರಿ ಅಂತ ಸರ್ಕಾರ ನಮ್ಮವರಿಗೆ ಕೊಟ್ಟ ಬಸ್ ಟಿಕೆಟ್ ಹಿಡ್ಕೊಂಡು ಆ ಊರಿಗೆ ಹೋಗಿ ಹದಿನಾರು ವರ್ಷ ಆಯ್ತು ನೀನು. ಹೊಗೆ ಕುಡಿದು ಕುಡಿದು ಕಣ್ಣು ಮಂಜಾಗಿದೆ. ಜೊಂಡು ಎಡಕ್ಕೆ ಸುತ್ತೋರು ಲೋಕದಲ್ಲಿ ಒಬ್ಬನೇನಾ? ಎಡಚರೆಲ್ಲ ಹಾಗೇ ಸುತ್ತುತಾರೆ. ಹಲ್ಲಿನ ಗುರುತು ಅಂತೀಯ, ಇಲಿ ಹಲ್ಲೂ ಹಲ್ಲೇ ತಾನೇ. ಏಳು ವರ್ಷದ ಹುಡುಗಿಯಾಗಿದ್ದೆ ನೀನು. ಆಗ ನೋಡಿದ್ದು ಈಗ ನೆನಪಿದೆ ಅಂದರೆ ನಂಬೋಕಾಗುತ್ತಾ?

ಇಲ್ಲಿ ನೀರು ಇನ್ನೂ ಕೆಟ್ಟಿದೆ. ಹೊಲದ ಕಾಲುವೆಯ ಉಳಿಕೆ ನೀರೇ ಜೌಗಿಗೆ ಬರೋದು ಈಗ. ಫಾಲನ್‌ನಿಂದ ಬರೋ ಬೇಟೆಯವರು ಪ್ಲಾಸ್ಟಿಕ್ ಬಾತು ಬಿಟ್ಟು, ಸಂಜೆ ಎತ್ತಿಕೊಳ್ಳದೆ ಹೋಗ್ತಾರೆ. ಮೊನ್ನೆ ಒಂದು ನಮ್ಮ ಬಾಗಿಲ ತನಕ ತೇಲಿ ಬಂತು. ಕೋಳಿಗೂಡಿನಲ್ಲಿ ಇಟ್ಟಿದ್ದೀನಿ, ಕೋಳಿಗಳು ಅದಕ್ಕೆ ಹೆದರ್ತಾವೆ.

ಸತ್ತವರನ್ನ ಎಬ್ಬಿಸಬೇಡ. ಇನ್ನು ಈ ವಿಷಯ ಬರೀಬೇಡ.

ಆ ಚೀಟಿಯಲ್ಲಿ ಊರಿನ ಹೆಸರು ಏನಂತ ಇದೆ?

ಎಲ್ವಿನಾ


ಕ್ಲೀವ್‌ಲ್ಯಾಂಡ್
೨ ಫೆಬ್ರವರಿ ೧೯೭೩

ಅಕ್ಕಾ,

ಬರೀಬೇಡ ಅಂದವಳು ಕೊನೆಯ ಸಾಲಲ್ಲಿ ಊರು ಕೇಳಿದ್ದೀಯ. ಆ ಸಾಲನ್ನ ಎಷ್ಟು ಸಲ ಓದಿದೆನೋ.

ಊರು ಒರೆಗಾನ್ ಗಡಿಯ ಜೌಗು, ಅಲ್ಲೊಂದು ದನದ ರ‍್ಯಾಂಚು. ಮಿಸೆಸ್ ಗ್ರೂಬರ್‌ಳನ್ನ ಕಾಡಿಸಿದೆ. ಬಾತುಗಳನ್ನ ತಂದವನು ಅಲ್ಲಿ ಬರೆದಿಟ್ಟ ನೋಟ್‌ಬುಕ್ ಮೇಲಿನ ಮಹಡಿಯಲ್ಲಿತ್ತು. ನಿನ್ನೆ ಅವಳೇ ತಂದು ಓದಿದಳು. ಕೇಳ್ತಾ ಕೇಳ್ತಾ ಏಣಿಯ ಮೇಲೆ ಕೂತುಬಿಟ್ಟೆ. ನಕಲು ಮಾಡಿಕೊಂಡಿದ್ದೀನಿ, ನೋಡು:

“ನವೆಂಬರ್ ೪. ರ‍್ಯಾಂಚಿನ ಕೆಲಸದವನು, ಇಪ್ಪತ್ಮೂರು ವಯಸ್ಸಿರಬಹುದು. ಬಲಗೈಯಲ್ಲಿ ಎರಡು ಬೆರಳಿಲ್ಲ. ನಾನು ನೋಡ್ತಿದ್ದ ಹಾಗೇ ಬಾತು ಕಟ್ಟಿಕೊಟ್ಟ. ಯಾರಿಂದ ಕಲಿತೆ ಅಂದರೆ, ಅಪ್ಪನಿಂದ, ಸ್ಟಿಲ್‌ವಾಟರ್‌ನಲ್ಲಿ ಅಂದ. ಹೆಸರು ಹೋಬರ್ಟ್ ಅಂತ ಮಾತ್ರ ಹೇಳಿದ. ಮನೆಯವರ ಬಗ್ಗೆ ಕೇಳಿದೆ. ‘ನನ್ನವರು ಯಾರೂ ಇಲ್ಲ’ ಅಂದು ಎದ್ದು ಹೋದ.”

ಅಕ್ಕಾ, ಯಾರೂ ಇಲ್ಲ ಅಂದನಂತೆ! ನಾನಿದ್ದೆ. ಹದಿನಾಲ್ಕು ವರ್ಷದವಳು, ಅದೇ ಜೌಗಿನ ದಂಡೆಯಲ್ಲಿ, ನಿನ್ನ ಜೊತೆ.

ತಕ್ಷಣ ಬರಿ.

ಲಿಯೋಟಾ


ಕ್ಲೀವ್‌ಲ್ಯಾಂಡ್
೧೯ ಮಾರ್ಚ್ ೧೯೭೩

ಅಕ್ಕಾ,

ಆರು ವಾರ ಆಯ್ತು. ನಿನಗೇನಾದರೂ ಆಯ್ತೋ ಅಂತ ಫಾಲನ್‌ನ ಅಂಚೆ ಕಚೇರಿಗೆ ಫೋನ್ ಮಾಡಿಸಿದೆ. “ಎಲ್ವಿನಾನಾ? ನಿನ್ನೆ ತಾನೇ ಬಂದು ಅಂಚೆಚೀಟಿ ತಗೊಂಡು ಹೋದಳಲ್ಲ” ಅಂದರು. ಅಂದರೆ ಚೀಟಿ ಇದೆ, ಅಂಟಿಸೋಕೆ ಮನಸ್ಸಿಲ್ಲ.

ಸರಿ, ನಾನೇ ಒಂದು ಹೇಳ್ತೀನಿ. ನನ್ನ ಗಂಡನಿಗೂ ಹೇಳಲಿಲ್ಲ, ಅವನು ಹಾಗೇ ಸತ್ತ.

ಅಣ್ಣ ಶಾಲೆಯಿಂದ ಓಡಿಬಂದು ಜೊಂಡಿನೊಳಗೆ ಅಡಗಿದ್ದ ಒಂಬತ್ತನೇ ದಿನ, ಬೆಳಿಗ್ಗೆ, ಅಪ್ಪ ನನ್ನನ್ನ ದಂಡೆಯಲ್ಲಿ ನಿಲ್ಲಿಸಿ ಜೊಂಡಿನ ದೋಣಿಯ ಹಗ್ಗ ಕೈಗೆ ಕೊಟ್ಟ. “ಬಿಡಬೇಡ” ಅಂದ. ನೀರುಕೋಳಿ ಮರಿ ಕಂಡಿತು. ಬಿಟ್ಟು ಓಡಿದೆ. ತಿರುಗಿ ಬಂದಾಗ ದೋಣಿ ಇರಲಿಲ್ಲ. ಮಧ್ಯಾಹ್ನ ಮಗುಚಿದ ದೋಣಿ ಸಿಕ್ಕಿತು, ಅಣ್ಣನ ಟೋಪಿ ಸಿಕ್ಕಿತು. ತೇಲಿಹೋದ ದೋಣಿ ಹಿಡಿಯೋಕೆ ಈಜಿ ಮುಳುಗಿದ ಅಂದರು ಎಲ್ಲರೂ.

ಅವನನ್ನ ಕೊಂದವಳು ನಾನು. ನಲವತ್ತೆರಡು ವರ್ಷದಿಂದ ದಿನಾ ಹೀಗೇ ಅಂದುಕೊಂಡಿದ್ದೀನಿ. ನಾನು ನಮ್ಮ ನೀರು ಬಿಟ್ಟು ಇಷ್ಟು ದೂರ ಯಾಕೆ ಬಂದೆ ಅಂತ ನೀನು ಒಂದು ಸಲವೂ ಕೇಳಲಿಲ್ಲ.

ಅವನು ಸಾಯಲಿಲ್ಲ ಅಂತ ನಿನಗೆ ಗೊತ್ತಿತ್ತಾ? ಹೌದು ಅಥವಾ ಇಲ್ಲ. ಅಷ್ಟು ಬರೆದರೆ ಸಾಕು.

ಲಿಯೋಟಾ


ಸ್ಟಿಲ್‌ವಾಟರ್
೧೧ ಏಪ್ರಿಲ್ ೧೯೭೩

ಲಿಯೋಟಾ,

ಹೌದು.

ನೀನು ಮರೆತಿದ್ದೀಯ ಅಂದುಕೊಂಡಿದ್ದೆ. ನನ್ನಾಣೆ, ಹಾಗೇ ಅಂದುಕೊಂಡಿದ್ದೆ. ಅದಾದ ವಾರಕ್ಕೇ ನೀನು ಮಣ್ಣಲ್ಲಿ ಆಡ್ತಿದ್ದೆ. ಮಕ್ಕಳು ಮರೀತವೆ ಅಂತ ಅಪ್ಪ ಅಂದ, ನಾನು ನಂಬಿದೆ. ನಿನ್ನ ಕಾಗದ ಓದಿದಮೇಲೆ ನನಗೆ ಊಟ ಇಳೀತಾ ಇಲ್ಲ.

ಹೇಳ್ತೀನಿ ಕೇಳು. ಶಾಲೆಯವರು ಅವನನ್ನ ಹಿಂದಕ್ಕೆ ಕರೆದೊಯ್ಯೋಕೆ ಪೊಲೀಸನನ್ನ ಕಳಿಸಿದ್ದರು. ಎರಡು ಸಲ ಮನೆ ಜಾಲಾಡಿದ್ದ. ಹಿಂದಿನ ವರ್ಷ ಓಡಿಹೋಗಿ ಸಿಕ್ಕಿಬಿದ್ದ ಹುಡುಗನನ್ನ ಆ ಶಾಲೆಯಲ್ಲಿ ನೆಲಮಾಳಿಗೆಗೆ ಹಾಕಿದ್ದರು. ಅವನು ಜೀವಂತ ಹೊರಗೆ ಬರಲಿಲ್ಲ. ನಮ್ಮವನು ಅದನ್ನ ಕಣ್ಣಾರೆ ನೋಡಿದ್ದ. “ನನ್ನನ್ನ ಕಳಿಸೋದಾದರೆ ಇಲ್ಲೇ ಮುಳುಗಿಸಿಬಿಡು ಅಪ್ಪಾ” ಅಂದ. ಆಗ ಅಪ್ಪನಿಗೆ ಹೊಳೀತು, ಮುಳುಗಿದ ಅಂತ ಮಾಡಿಬಿಡೋಣ ಅಂತ.

ನೀನು ಹಗ್ಗ ಬಿಡದಿದ್ದರೂ ಅಪ್ಪನೇ ಬಿಡಿಸ್ತಿದ್ದ. ನೀನು ಓಡಿದ್ದು ನೋಡಿ ಅವನೇ ದೋಣಿ ತಳ್ಳಿ ಮಗುಚಿದ. ಪೊಲೀಸ್ ಬಂದಾಗ ನಿನ್ನನ್ನೇ ಕೇಳಿದ. ನೀನು ಹೊರಳಾಡಿ ಅತ್ತೆ, “ನಾನು ಹಗ್ಗ ಬಿಟ್ಟೆ, ನಾನು ಬಿಟ್ಟೆ” ಅಂತ. ಆ ಮನುಷ್ಯ ಟೋಪಿ ತೆಗೆದು, ಬರೆದುಕೊಂಡು ಹೋದ. ಮತ್ತೆ ಬರಲಿಲ್ಲ. ಕತ್ತಲಾದ ಮೇಲೆ ನಾನು ಹಿಟ್ಟಿನ ಚೀಲದಲ್ಲಿ ರೊಟ್ಟಿ ಕಟ್ಟಿ ಅವನನ್ನ ರೈಲು ದಾರಿ ತನಕ ಬಿಟ್ಟುಬಂದೆ.

ಅಮ್ಮನಿಗೂ ಹೇಳಿರಲಿಲ್ಲ. ಅವಳ ಮುಖ ನೋಡಿದರೆ ಊರಿಗೇ ತಿಳಿಯುತ್ತೆ ಅಂತ ಅಪ್ಪನ ಹೆದರಿಕೆ. ಸತ್ತವರಿಗಾಗಿ ಮಾಡೋ ಹಾಗೆ ಅವಳು ಕೂದಲು ಕತ್ತರಿಸಿಕೊಂಡಳು, ಅವನ ಹಾಸಿಗೆ ಬಟ್ಟೆ ಎಲ್ಲ ಸುಟ್ಟಳು. ತಿಂಗಳಾದ ಮೇಲೆ ಅಪ್ಪ ನಿಜ ಹೇಳಿದ. ಅಮ್ಮ ನಂಬಲಿಲ್ಲ. “ನನ್ನ ಸಮಾಧಾನಕ್ಕೆ ಸುಳ್ಳು ಹೇಳಬೇಡ” ಅಂದಳು. ಹೆಣ ಹುಡುಕ್ತೀನಿ ಅಂತ ದಿನಾ ಆ ಚಳಿ ನೀರಲ್ಲಿ ಸೊಂಟದ ತನಕ ನಿಂತಿರ್ತಿದ್ದಳು. ನಾವಿಬ್ಬರೂ ಕೈ ಹಿಡಿದು ಎಳೆದರೂ ಬರ್ತಿರಲಿಲ್ಲ. ಫೆಬ್ರವರಿಯಲ್ಲಿ ಜ್ವರ ಎದೆಗಿಳಿದು ಹೋದಳು. ಅದು ನಿನಗೂ ಗೊತ್ತು.

ಅವನು ತಿರುಗಿ ಬರಲಿಲ್ಲ. ಸತ್ತು ಎಷ್ಟೋ ವರ್ಷ ಆಗಿರಬೇಕು. ಇಷ್ಟೇ.

ಎಲ್ವಿನಾ


ಕ್ಲೀವ್‌ಲ್ಯಾಂಡ್
೨೨ ಏಪ್ರಿಲ್ ೧೯೭೩

ಎಲ್ವಿನಾ,

ಅಕ್ಕ ಅಂತ ಬರೆಯೋಕೆ ಇವತ್ತು ಕೈ ಬರ್ತಿಲ್ಲ.

ಆ ಪೊಲೀಸ್‌ನನ್ನ ನಂಬಿಸೋಕೆ ನನ್ನನ್ನೇ ದೀವದ ಬಾತು ಮಾಡಿದಿರಿ. ಅಪ್ಪ ಮಗನನ್ನ ಉಳಿಸೋಕೆ ಮಾಡಿದ, ಆಯ್ತು. ಆ ದಿನ ಬೇಕಿತ್ತು, ಆ ತಿಂಗಳು ಬೇಕಿತ್ತು. ಆಮೇಲೆ? ನನಗೆ ಹದಿನೈದಾದಾಗ? ಮದುವೆಯಾದಾಗ? ಬಸ್ ಹತ್ತುವಾಗ ನಿನ್ನ ಕುತ್ತಿಗೆ ತಬ್ಬಿಕೊಂಡು ನಿಂತಿದ್ದೆನಲ್ಲ, ಆಗಲಾದರೂ ಕಿವಿಯಲ್ಲಿ ಒಂದು ಮಾತು ಹೇಳಬಹುದಿತ್ತು.

ಮಿಸೆಸ್ ಗ್ರೂಬರ್ ನನಗೆ ಜೂನ್‌ನಲ್ಲಿ ಮೂರು ವಾರ ರಜೆ ಕೊಟ್ಟಿದ್ದಾಳೆ. ಆ ರ‍್ಯಾಂಚಿಗೆ ಹೋಗ್ತೀನಿ. ಸಮಾಧಿಯಾದರೂ ಸಿಗಲಿ, ಅದರ ಮುಂದೆ ನಿಂತು ಅತ್ತು ಬರ್ತೀನಿ. ಈ ಸಲ ಯಾರೋ ಸುಳ್ಳು ಹೇಳಿ ಅಳಿಸಿದ ಅಳು ಅಲ್ಲ.

ಲಿಯೋಟಾ


ಸ್ಟಿಲ್‌ವಾಟರ್
೩ ಮೇ ೧೯೭೩

ಲಿಯೋಟಾ,

ಹೋಗಬೇಡ. ಹೋಗೇ ಹೋಗ್ತೀನಿ ಅಂದರೆ ಇದನ್ನ ಓದಿ ಹೋಗು. ಅಲ್ಲಿ ಯಾರಾದರೂ ಹೇಳೋ ಮೊದಲು ನನ್ನ ಬಾಯಿಂದಲೇ ಕೇಳು.

ಅವನು ತಿರುಗಿ ಬರಲಿಲ್ಲ ಅಂತ ಬರೆದೆನಲ್ಲ, ಸುಳ್ಳು. ಬಂದಿದ್ದ. ೧೯೩೪ರಲ್ಲಿ, ಪೈನ್ ಬೀಜ ಆರಿಸೋ ಕಾಲ. ಅಪ್ಪ ನಿನ್ನನ್ನ ಕರ್ಕೊಂಡು ಬೆಟ್ಟಕ್ಕೆ ಹೋಗಿದ್ದ, ನಾನೊಬ್ಬಳೇ ಬಾತಿನ ಪುಕ್ಕ ಕೀಳ್ತಾ ಕೂತಿದ್ದೆ. ಗಡ್ಡ ಬಂದಿತ್ತು. “ಅಕ್ಕಾ, ಅಮ್ಮ ಎಲ್ಲಿ?” ಅಂತ ಕೇಳಿದ, ಅದೇ ಮೊದಲ ಮಾತು. ನಗ್ತಾ ಕೇಳಿದ.

ನನಗೆ ಏನಾಯ್ತೋ. ಅವಳನ್ನ ನೀರಿಂದ ಎಳೆದೆಳೆದು ನನ್ನ ತೋಳು ನೋಯ್ತಿದ್ದದ್ದು ನೆನಪಾಯ್ತು. “ನಿನ್ನ ಹೆಣ ಹುಡುಕಿ ಸತ್ತಳು” ಅಂದೆ. “ನಮ್ಮ ಪಾಲಿಗೆ ನೀನು ಸತ್ತಾಗಿದೆ. ಅಳೋದೆಲ್ಲ ಅತ್ತು ಮುಗಿಸಿದ್ದೀವಿ. ಅಪ್ಪ ಬರೋದರೊಳಗೆ ಹೋಗು.” ಅವನು ಬೆನ್ನು ಹಾಕಿದ. ಹೋದ. ಒಂದು ಲೋಟ ನೀರೂ ಕೊಡಲಿಲ್ಲ ನಾನು. ಅಪ್ಪನಿಗೆ ಹೇಳಲಿಲ್ಲ. ಅಪ್ಪ ಸಾಯೋ ತನಕ ಉತ್ತರ ದಿಕ್ಕಿನ ದಾರಿ ನೋಡ್ತಾ ಕೂತಿರ್ತಿದ್ದ, ಆಗಲೂ ಹೇಳಲಿಲ್ಲ.

ಮುಂದಿನ ವರ್ಷ ಬಾತಿನ ಕಾಲದಲ್ಲಿ ಆಚೆ ದಂಡೆಯಲ್ಲಿ ಒಲೆಯ ಬೂದಿ ಕಂಡೆ. ಮೂರು ಬೆರಳಿನ ಕೈ ಊರಿದ ಗುರುತು ಮಣ್ಣಲ್ಲಿತ್ತು. ದೂರದಿಂದ ನಮ್ಮ ಮನೆ ನೋಡಿ ಹೋಗಿದ್ದ. ಅದರ ಮುಂದಿನ ವರ್ಷ ನಾನು ಆ ಜಾಗದಲ್ಲಿ ಒಂದು ಚೀಲ ಪೈನ್ ಬೀಜ ಇಟ್ಟುಬಂದೆ. ವಾರ ಬಿಟ್ಟು ನೋಡಿದರೆ ಚೀಲ ಇಲ್ಲ, ಕಾಲು ಕಟ್ಟಿದ ಎರಡು ಬಾತು ಕೊಂಬೆಗೆ ನೇತಾಡ್ತಿದ್ದವು. ನಾವು ತಿಂದೆವು, ನೀನೂ ತಿಂದೆ. ಇಪ್ಪತ್ತಾರು ವರ್ಷ ಹೀಗೇ ನಡೀತು. ಒಂದು ಸಲವೂ ಎದುರು ಬರಲಿಲ್ಲ ಅವನು. ಒಂದು ಸಲವೂ ಕಾದು ಕೂರಲಿಲ್ಲ ನಾನು. ಬಾ ಅನ್ನೋಕೆ ಒಂದು ಮಾತು ಸಾಕಿತ್ತು, ಅದನ್ನ ನಾನು ಅನ್ನಲಿಲ್ಲ.

೧೯೬೨ರಲ್ಲಿ ಚೀಲ ಇಟ್ಟ ಹಾಗೇ ಇತ್ತು. ಇಲಿ ತೂತು ಮಾಡಿತ್ತು. ಮುಂದಿನ ವರ್ಷವೂ ಹಾಗೇ. ನಾನು ಮನೆಗೆ ಬಂದು ಕೂದಲು ಕತ್ತರಿಸಿಕೊಂಡೆ. ಊರವರು ಕೇಳಿದರೆ ಹೇನಾಗಿತ್ತು ಅಂದೆ. ಎಲ್ಲರೂ ನಕ್ಕರು.

ಅಲ್ಲಿ ಸಮಾಧಿ ಸಿಕ್ಕರೆ ನನಗೆ ಬರೀಬೇಡ. ನನಗೆ ಗೊತ್ತು.

ಎಲ್ವಿನಾ


ಒರೆಗಾನ್ ಗಡಿ, ಅಂಗಡಿಯ ಮೇಜಿನ ಮೇಲೆ ಬರೆದದ್ದು
೧೭ ಜೂನ್ ೧೯೭೩

ಅಕ್ಕಾ,

ಇನ್ನೊಂದು ಸಲ ಕೂತುಕೋ.

ನಿನ್ನೆ ಬಸ್ ಇಳಿದು ಇದೇ ಅಂಗಡಿಗೆ ಬಂದೆ. ಗಲ್ಲಾದಲ್ಲಿ ನಮ್ಮ ಜನದವಳೇ ಒಬ್ಬ ದಪ್ಪ ಹೆಂಗಸು. “ಬಹಳ ಹಿಂದೆ ಇಲ್ಲಿ ಹೋಬರ್ಟ್ ಅಂತ ಒಬ್ಬ ಇದ್ದ, ಬಲಗೈಯಲ್ಲಿ ಎರಡು ಬೆರಳಿರಲಿಲ್ಲ. ಅವನ ಸಮಾಧಿ ಎಲ್ಲಿದೆ?” ಅಂದೆ.

ಅವಳು ನನ್ನನ್ನ ಮೇಲಿಂದ ಕೆಳಗೆ ನೋಡಿದಳು. “ಸಮಾಧಿನಾ? ಬೆಳಿಗ್ಗೆ ತಾನೇ ಬಂದು ಕಾಫಿಪುಡಿ ಹಳಸಿದೆ ಅಂತ ನನ್ನ ಜೊತೆ ಜಗಳ ಆಡಿ ಹೋದ. ಬೇಕಾದರೆ ಹೂಳೋಣ ನಡಿ, ನಾನೂ ಗುದ್ದಲಿ ತರ್ತೀನಿ” ಅಂದಳು.

ಅಕ್ಕಾ, ನಾನು ಗಲ್ಲಾ ಹಿಡಿದುಕೊಂಡು ನಿಂತೆ. ಅವಳು ಹೆದರಿ ನೀರು ತಂದಳು.

ಅಣ್ಣ ತನ್ನ ಮಗಳ ಮನೆಯ ಹಿಂದಿನ ಕೋಣೆಯಲ್ಲಿ ಇದ್ದಾನೆ. ಒಂದು ಕಾಲಿಲ್ಲ. ೧೯೬೨ರ ಬೇಸಿಗೆಯಲ್ಲಿ ಮರದ ಮಿಲ್ಲಿನಲ್ಲಿ ದಿಮ್ಮಿ ಉರುಳಿ ಕಾಲು ನುಜ್ಜಾಗಿ, ಮಂಡಿಯ ಮೇಲಿಂದ ಕತ್ತರಿಸಿದರಂತೆ. ಅಲ್ಲಿಯ ತನಕ ಪ್ರತಿ ವರ್ಷ ರ‍್ಯಾಂಚಿನ ದನ ಹೊಡೆದುಕೊಂಡು ವಿನೆಮುಕ್ಕಾ ಊರಿನ ರೈಲು ನಿಲ್ದಾಣದ ತನಕ ಬಂದು, ಅಲ್ಲಿಂದ ಕಳ್ಳನ ಹಾಗೆ ಸ್ಟಿಲ್‌ವಾಟರ್‌ಗೆ ಬರ್ತಿದ್ದನಂತೆ.

ಹೋಗಿ ಬಾಗಿಲು ತಟ್ಟಿದೆ. “ಯಾರು?” ಅಂದ. “ಲಿಯೋಟಾ” ಅಂದೆ. “ಯಾವ ಲಿಯೋಟಾ?” ಅಂದ. ಆಮೇಲೆ ಊರುಗೋಲು ಕೆಳಗೆ ಬಿತ್ತು. ಇಬ್ಬರೂ ಎತ್ತಲಿಲ್ಲ.

ಮ್ಯೂಸಿಯಂನ ಬಾತಿನ ವಿಷಯ ಹೇಳಿದೆ, ಚೀಟಿಯಲ್ಲಿ ಈಗ ಅವನ ಹೆಸರು ಬರೆಸಿದ್ದೀನಿ ಅಂದೆ. “ಅದಿನ್ನೂ ಇದೆಯಾ! ಆ ಮನುಷ್ಯ ಪಕ್ಕದಲ್ಲೇ ಕೂತು ಏನೇನೋ ಕೇಳ್ತಿದ್ದ, ಅವಸರದಲ್ಲಿ ಕಟ್ಟಿದ್ದು, ಕುತ್ತಿಗೆ ಸೊಟ್ಟ ಆಗಿತ್ತು. ಹೆಸರು ಅಳಿಸಿಬಿಡು” ಅಂದ. ಆಗ ನಕ್ಕೆವು.

ಆಮೇಲೆ ಹಗ್ಗದ ವಿಷಯ ಹೇಳಿದೆ. ಇಷ್ಟು ವರ್ಷ ನಾನೇ ಕೊಂದೆ ಅಂದುಕೊಂಡಿದ್ದೆ ಅಂತ. ಅವನ ಮುಖ ಬೂದಿಯಾಯ್ತು. “ನೀನು ಅತ್ತದ್ದು ನನಗೆ ಕೇಳಿಸ್ತಿತ್ತು” ಅಂದ. “ನಾನು ನಲವತ್ತು ಹೆಜ್ಜೆ ದೂರದಲ್ಲಿ ಜೊಂಡಿನೊಳಗೆ ಕೂತಿದ್ದೆ. ನೀನು ಹೇಳಿದ್ದು ಒಂದೊಂದೂ ಕೇಳಿಸ್ತು. ಎದ್ದು ಬರಬೇಕು ಅನ್ನಿಸ್ತು. ಬರಲಿಲ್ಲ. ಅಪ್ಪ ಆಮೇಲೆ ಹೇಳ್ತಾನೆ ಅಂದುಕೊಂಡೆ. ಯಾರೂ ಹೇಳಲೇ ಇಲ್ಲವಾ?”

ಯಾರೂ ಹೇಳಲಿಲ್ಲ ಅಂದೆ. ಅವನು ನನ್ನ ಎರಡೂ ಕೈ ತಗೊಂಡು ಮುಖಕ್ಕೆ ಒತ್ತಿಕೊಂಡ. ಐವತ್ತೆಂಟು ವರ್ಷದ ಮನುಷ್ಯ, ಬಿಕ್ಕಿ ಬಿಕ್ಕಿ ಅತ್ತ. ಮಗಳು ಓಡಿಬಂದು ನನ್ನನ್ನ ಬೈದಳು, ಯಾರು ನೀನು, ನಮ್ಮಪ್ಪನಿಗೆ ಏನು ಮಾಡಿದೆ ಅಂತ.

ಇವತ್ತು ಬೆಳಿಗ್ಗೆ ಕಾಫಿ ಕುಡೀತಾ ಕೇಳಿದ, “ಅಕ್ಕನಿಗೆ ಇನ್ನೂ ಕೋಪನಾ?”

ನಾನು ಕಾಗದ ಪೆನ್ನು ತಗೊಂಡು ಈ ಅಂಗಡಿಗೆ ಬಂದೆ. ನನ್ನ ಕೋಪವೇ ಇನ್ನೂ ಇಳಿದಿಲ್ಲ, ನಿನ್ನದನ್ನ ನಾನು ಹೇಗೆ ಹೇಳಲಿ? ಕೇಳಿದ್ದು ಅವನು, ಹೇಳಬೇಕಾದವಳು ನೀನು. ವಿಳಾಸ ಹಿಂದೆ ಬರೆದಿದ್ದೀನಿ.

ಲಿಯೋಟಾ


ಸ್ಟಿಲ್‌ವಾಟರ್
೨೩ ಜೂನ್ ೧೯೭೩

ತಮ್ಮಾ,

ಲಿಯೋಟಾ ಕಾಗದ ನಿನ್ನೆ ಬಂತು. ಅಂಚೆಯವನ ಮುಂದೆಯೇ ಒಡೆದು ಓದಿ, ಅವನ ಜೀಪಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. “ಯಾರಾದರೂ ಹೋದರಾ ಎಲ್ವಿನಾ?” ಅಂತ ಕೇಳಿದ ಪಾಪ. ಇಲ್ಲಪ್ಪ, ಇದ್ದಾರೆ ಅಂದೆ. ಅವನಿಗೆ ಅರ್ಥವಾಗಲಿಲ್ಲ.

ಕೋಪ ಇಲ್ಲ. ನೀನು ಅವತ್ತು ಬೆನ್ನು ಹಾಕಿ ಜೊಂಡಿನೊಳಗೆ ಇಳಿಯೋ ಹೊತ್ತಿಗೇ ಹೋಗಿತ್ತು. ಕೂಗಬೇಕು ಅಂತ ಎದ್ದೆ, ಮಡಿಲಲ್ಲಿದ್ದ ಪುಕ್ಕ ಎಲ್ಲ ಹಾರಿತು. ಕೂಗಲಿಲ್ಲ. ಅದಾದಮೇಲೆ ನನಗೆ ಇದ್ದದ್ದು ನಾಚಿಕೆ. ಅದನ್ನ ನೀನು ಕೋಪ ಅಂದುಕೊಂಡೆ. ನೀನು ಬರದೇ ಹೋದಾಗ ನಾನು ಸಾವು ಅಂದುಕೊಂಡೆ.

ಲಿಯೋಟಾನ ಕಳಿಸಬೇಡ, ಹಿಡಿದಿಟ್ಟುಕೋ. ನಿನಗೆ ಹೇಳಬೇಕಾದ್ದಕ್ಕಿಂತ ಅವಳಿಗೆ ಹೇಳಬೇಕಾದ್ದು ಜಾಸ್ತಿ ಇದೆ. ಅವಳು ಬೈದರೆ ಬೈಸಿಕೊಳ್ಳೋಕೂ ನಾನು ಎದುರಿಗೇ ಇರಬೇಕು.

ನಾನು ಈ ಅರವತ್ತೊಂದು ವರ್ಷದಲ್ಲಿ ರೀನೋ ದಾಟಿ ಆಚೆ ಹೋದವಳಲ್ಲ. ಕೋಳಿಗಳನ್ನ ಪಕ್ಕದ ಮನೆಗೆ ಒಪ್ಪಿಸಿದ್ದೀನಿ. ಬುಧವಾರದ ಬಸ್ಸು, ಎರಡು ಕಡೆ ಬದಲಾಯಿಸಬೇಕಂತೆ. ಗುರುವಾರ ಮಧ್ಯಾಹ್ನ ಆ ಅಂಗಡಿ ಮುಂದೆ ಇಳೀತೀನಿ. ಒಂದು ಕಾಲಲ್ಲಿ ಕುಂಟಿಕೊಂಡು ಬಸ್ಸಿಗೆ ಬರಬೇಡ, ಮನೆಯಲ್ಲೇ ಇರು.

ನೀನು ಇಲ್ಲಿಗೆ ಬಾ ಅಂತ ನಾನು ಬರೆಯಲ್ಲ. ಹೋಗು ಅಂದವಳು ನಾನು. ಅದಕ್ಕೆ ನಾನೇ ಬರಬೇಕು.

ನಿನ್ನ ಅಕ್ಕ